ಜೋನಿ ಬೆಲ್ಲ ಹುಳಿಯುವುದೇಕೆ?

ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಸಣ್ಣ ರೈತರು ಮನೆಬಳಕೆಗೂ ಮಾರಾಟಕ್ಕೂ ಜೋನಿ ಬೆಲ್ಲ ಕಾಯಿಸುತ್ತಾರೆ. ಮಳೆಗಾಲ ಹಿಡಿಯುವ ಹೊತ್ತಿಗೆ ಕೆಲವರ ಡಬ್ಬಿಗಳಲ್ಲಿ ನೊರೆಯೆದ್ದು ಬೆಲ್ಲ ಹುಳಿಯುತ್ತದೆ; ವರ್ಷದ ದುಡಿಮೆ ಕೊಟ್ಟಿಗೆಯ ಪಾಲಾಗುತ್ತದೆ. ತಪ್ಪನ್ನು ಡಬ್ಬಿಯ ಮೇಲೋ ಕಬ್ಬಿನ ತಳಿಯ ಮೇಲೋ ಹೊರಿಸುವುದು ವಾಡಿಕೆ. ಆದರೆ ಅನೇಕ ಸಲ ದೋಷವಿರುವುದು ಕೊಪ್ಪರಿಗೆಯ ಗುರುತಿನಲ್ಲಿ.

ಇಷ್ಟು ರಸ ಹಾಕಿದರೆ ಈ ಗುರುತಿಗೆ ಇಳಿಯುವವರೆಗೆ ಕಾಯಿಸಬೇಕೆಂಬುದು ರೂಢಿಯ ಲೆಕ್ಕ. ಗುರುತು ಗಾತ್ರವನ್ನು ತಿಳಿಸುತ್ತದೆಯೇ ಹೊರತು ಸಕ್ಕರೆಯ ಅಂಶವನ್ನಲ್ಲ. ನೂರು ಗ್ರಾಂ ರಸದಲ್ಲಿ ಕರಗಿರುವ ಘನಾಂಶವೇ ಬ್ರಿಕ್ಸ್. 18 ಬ್ರಿಕ್ಸಿನ 100 ಲೀಟರ್ ರಸ ಸುಮಾರು 107 ಕಿ. ಗ್ರಾಂ. ತೂಗುತ್ತದೆ; ಅದರಲ್ಲಿ 19 ಕಿ. ಗ್ರಾಂ.ಗೆ ತುಸು ಮೇಲ್ಪಟ್ಟು ಘನಾಂಶವಿರುತ್ತದೆ. ನೊರೆಯಲ್ಲಿ ಹೋಗುವುದನ್ನು ಬಿಟ್ಟರೆ, 75 ಬ್ರಿಕ್ಸಿಗೆ ಕಾಯಿಸಿದಾಗ ಸುಮಾರು 18.7 ಲೀಟರ್ ಜೋನಿ ಉಳಿಯುತ್ತದೆ. ಮರುವರ್ಷ ರಸ 15 ಬ್ರಿಕ್ಸ್ ಇದ್ದು, ಅದೇ ಗುರುತಿಗೆ ಒಲೆಯಿಂದ ಇಳಿಸಿದರೆ ಜೋನಿ 65 ಬ್ರಿಕ್ಸಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ನೋಟಕ್ಕೆ ಹದ ಬಂದಂತಿದ್ದರೂ ಇಷ್ಟು ನೀರಿನಲ್ಲಿ ಹುದುಗು ಬೆಳೆಯಬಲ್ಲುದು. ಈ ರಸವನ್ನು 15.5 ಲೀಟರಿಗೆ ಇಳಿಸಲೇಬೇಕು.

ಬಲಿಯುವ ಮೊದಲೇ ಕಡಿದ ಕಬ್ಬು, ಕಟಾವಿನ ಹೊಸ್ತಿಲಲ್ಲಿ ಕೊಟ್ಟ ನೀರು, ತಡವಾಗಿ ಹಾಕಿದ ಸಾರಜನಕ, ತುದಿಯ ಎಳೆಗಣ್ಣುಗಳನ್ನು ತೆಗೆಯದೆ ಅರೆಯುವುದು, ಗಾಣ ತೊಳೆದ ನೀರು ರಸಕ್ಕೆ ಸೇರುವುದು, ಇವೆಲ್ಲ ಬ್ರಿಕ್ಸನ್ನು ತಗ್ಗಿಸುತ್ತವೆ.

ರಸವನ್ನು ಸೋಸಿ, ತಣ್ಣಗಿರುವಾಗಲೇ ಬ್ರಿಕ್ಸ್ ಮಾಪಕದಿಂದ ಅಳೆಯಬೇಕು. ಬಿಸಿ ರಸದಲ್ಲಿ ತೇಲುವ ಮಾಪಕ ಕಡಿಮೆ ತೋರಿಸುತ್ತದೆ. ಸಿದ್ಧವಾದ ಜೋನಿ ಮಾಪಕಕ್ಕೆ ಮಂದವಾದರೆ ಅದಕ್ಕೆ ಸಮತೂಕದ ನೀರು ಬೆರೆಸಿ, ಆರಿದ ಮೇಲೆ ಬಂದ ಅಂಕಿಯನ್ನು ಇಮ್ಮಡಿಗೊಳಿಸಬಹುದು. ಲೋಟದ ಅಳತೆ ಇಲ್ಲಿ ನಡೆಯದು, ತೂಗಲೇಬೇಕು.

ಉಷ್ಣಮಾಪಕ ಬಳಸುವವರು ಮೊದಲು ಅದನ್ನು ಕುದಿಯುವ ಬರಿಯ ನೀರಿನಲ್ಲಿ ಅದ್ದಿ ನೋಡಬೇಕು. 75 ಬ್ರಿಕ್ಸಿನ ಪಾಕ ನೀರಿಗಿಂತ ಸುಮಾರು 7 ಡಿಗ್ರಿ ಹೆಚ್ಚಿನಲ್ಲಿ ಕುದಿಯುತ್ತದೆ. ಕರಾವಳಿಯಲ್ಲಿ ಅದು 107 ಡಿಗ್ರಿ ಸೆಲ್ಸಿಯಸ್. ಸುಮಾರು 600 ಮೀಟರ್ ಎತ್ತರದ ಘಟ್ಟದ ಮೇಲೆ ನೀರೇ 98 ಡಿಗ್ರಿಗೆ ಕುದಿಯುವುದರಿಂದ ಅಲ್ಲಿ 105 ಸಾಕು. ಅಲ್ಲಿಯೂ 107ಕ್ಕೆ ಕಾದವರ ಜೋನಿ ಅತಿ ಮಂದವಾಗಿ ಹರಳು ಕಟ್ಟುತ್ತದೆ. ಹರಳುಗಟ್ಟಿದ ಜೋನಿ ತಿನ್ನಲು ಕೆಟ್ಟದ್ದೇನಲ್ಲ, ದೋಸೆಗೆ ಅದನ್ನೇ ಬಯಸುವವರೂ ಇದ್ದಾರೆ; ಮಾರಾಟಕ್ಕೆ ಮಾತ್ರ ತೊಡಕು. ಹತ್ತು ಕಿ. ಗ್ರಾಂ. ಜೋನಿಗೆ 4 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿದರೆ ಹರಳುಗಟ್ಟುವುದು ತಗ್ಗುತ್ತದೆ.

ಬಿಸಿಯಾಗಿ ತುಂಬಿ ಕೂಡಲೇ ಮುಚ್ಚಿದರೆ ಮುಚ್ಚಳದ ಬೆವರು ಮೇಲ್ಪದರವನ್ನು ತೆಳುವಾಗಿಸಿ ಹುಳಿಗೆ ದಾರಿ ಮಾಡುತ್ತದೆ. ಆರಿಸಿ, ಒಣಗಿದ ಪಾತ್ರೆಗೆ ತುಂಬಬೇಕು. ತೆಳುವಾದ ಜೋನಿಯನ್ನು ನೊರೆ ಏಳುವ ಮೊದಲೇ ಮತ್ತೆ ಕಾಯಿಸಿ ಸರಿಪಡಿಸಬಹುದು, ಹುಳಿತದ್ದಕ್ಕೆ ಉಪಾಯವಿಲ್ಲ.