ಬಟನ್ ಒತ್ತಿದೊಡನೆ ಪರದೆಯ ಪಠ್ಯ ಬದಲಾಗುತ್ತದೆಯೇ?

ಆ್ಯಪ್‌ನಲ್ಲಿ ಬಟನ್ ಒತ್ತಿದಾಗ ಪಠ್ಯವನ್ನು ಬದಲಿಸಲು ಬಳಸುವ ಸೆಟ್‌ಟೆಕ್ಸ್ಟ್ ಎಂಬ ಆದೇಶ ಜಾರಿಯಾದ ಕ್ಷಣವೇ ಹೊಸ ಅಕ್ಷರಗಳು ಪರದೆಯ ಮೇಲೆ ಮೂಡುತ್ತವೆ ಎಂಬ ನಂಬಿಕೆ ಆಂಡ್ರಾಯ್ಡ್ ಕಲಿಯುವವರಲ್ಲಿ ಮಾತ್ರವಲ್ಲ, ಕಲಿಸುವವರಲ್ಲೂ ಬೇರೂರಿದೆ. ಇದು ತಪ್ಪು, ಎಷ್ಟು ಸಲ ತಿದ್ದಿದರೂ ಮತ್ತೆ ಮತ್ತೆ ತಲೆಯೆತ್ತುವ ತಪ್ಪು.

ಪಠ್ಯವನ್ನು ತೋರಿಸುವ ಟೆಕ್ಸ್ಟ್‌ವ್ಯೂ ಎಂಬ ಘಟಕದಲ್ಲಿ ಹೊಸ ಮಾತನ್ನು ದಾಖಲಿಸಿ, ಆ ಭಾಗವನ್ನು ಮರಳಿ ಚಿತ್ರಿಸಬೇಕೆಂದು ಗುರುತು ಹಾಕುವುದಷ್ಟೇ ಈ ಆದೇಶದ ಕೆಲಸ. ಚಿತ್ರಣ ನಡೆಯುವುದು ಮುಂದಿನ ಫ್ರೇಮ್‌ನಲ್ಲಿ, ಅಂದರೆ ಪರದೆಯ ಚಿತ್ರವನ್ನು ಹೊಸದಾಗಿ ರೂಪಿಸುವ ಸರದಿ ಬಂದಾಗ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ ಈ ಸರದಿ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ಚಿತ್ರಣವನ್ನು ಪರದೆಯ ಲಯಕ್ಕೆ ಹೊಂದಿಸುವ ಹೊಣೆಯನ್ನು 2012ರ ಆಂಡ್ರಾಯ್ಡ್ 4.1 ಆವೃತ್ತಿಯಿಂದ ಕೊರಿಯೋಗ್ರಾಫರ್ ಎಂಬ ಭಾಗ ಹೊತ್ತಿದೆ. ಬಟನ್ನಿಗೆ ಸ್ಪಂದಿಸುವ ಕೋಡ್ ಮತ್ತು ಪಠ್ಯವನ್ನು ಅಳೆದು ಚಿತ್ರಣಕ್ಕೆ ಅಣಿಗೊಳಿಸುವ ಕೋಡ್ ಎರಡೂ ಮೇನ್ ಥ್ರೆಡ್ ಎಂಬ ಒಂದೇ ಸಾಲಿನಲ್ಲಿ ಒಂದಾದ ಮೇಲೊಂದರಂತೆ ನಡೆಯುವುದರಿಂದ, ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಸರದಿಯೇ ಬರುವುದಿಲ್ಲ.

ಬಟನ್ ಒತ್ತಿದಾಗ 1ರಿಂದ 10ರವರೆಗಿನ ಅಂಕಿಗಳನ್ನು ಲೂಪಿನಲ್ಲಿ ಸೆಟ್‌ಟೆಕ್ಸ್ಟ್ ಮೂಲಕ ಬರೆದು, ಪ್ರತಿ ಅಂಕಿಯ ನಂತರ ಥ್ರೆಡ್ಡನ್ನು ಒಂದು ಸೆಕೆಂಡ್ ನಿದ್ರೆಗೆ ಕಳಿಸುವ ಕೋಡ್ ಬರೆದರೆ ನಂಬಿಕೆಯ ಬಂಡವಾಳ ಬಯಲಾಗುತ್ತದೆ. ಹತ್ತು ಸೆಕೆಂಡ್ ಪರದೆ ಕದಲದೆ ನಿಂತು, ಕೊನೆಗೆ 10 ಎಂಬ ಒಂದೇ ಅಂಕಿ ಕಾಣಿಸುತ್ತದೆ. ನಡುವಿನ ಒಂಬತ್ತೂ ದಾಖಲಾಗಿದ್ದವು, ಆದರೆ ಒಂದೂ ಚಿತ್ರವಾಗಲಿಲ್ಲ. ಈ ನಡುವೆ ಬಳಕೆದಾರರು ಪರದೆಯನ್ನು ಮತ್ತೆ ಮುಟ್ಟಿ, ಆ ಸ್ಪರ್ಶಕ್ಕೆ ಐದು ಸೆಕೆಂಡಿನೊಳಗೆ ಉತ್ತರ ಸಿಗದಿದ್ದರೆ, ಆ್ಯಪ್ ಸ್ಪಂದಿಸುತ್ತಿಲ್ಲವೆಂಬ ಎಚ್ಚರಿಕೆಯೂ ಮೂಡಬಹುದು. ಇದನ್ನು ಕಂಡವರು ಫೋನ್ ನಿಧಾನವೆಂದು ದೂರುವುದುಂಟು. ಎಷ್ಟೇ ವೇಗದ ಫೋನ್ ಕೊಂಡರೂ ಹತ್ತು ಸೆಕೆಂಡಿನ ನಿದ್ರೆ ಹತ್ತು ಸೆಕೆಂಡೇ ಇರುತ್ತದೆ. ಹ್ಯಾಂಡ್ಲರ್ ಎಂಬ ಆಂಡ್ರಾಯ್ಡ್ ಸಾಧನ ಬಳಸಿ ಪ್ರತಿ ಅಂಕಿಯನ್ನೂ ಒಂದೊಂದು ಸೆಕೆಂಡಿನ ಅಂತರದಲ್ಲಿ ಬೇರೆ ಬೇರೆ ಕೆಲಸವಾಗಿ ಸಾಲಿಗೆ ಸೇರಿಸುವುದು, ಅಥವಾ ಕಾಟ್ಲಿನ್ ಭಾಷೆಯ ಕೊರೂಟಿನ್‌ನಲ್ಲಿ ಥ್ರೆಡ್ಡನ್ನು ತಡೆಯದೆ ಕಾಯುವ ಡಿಲೇ ಬಳಸುವುದು ಸರಿಯಾದ ಮಾರ್ಗ.

ಈ ನಂಬಿಕೆಯ ಸುತ್ತ ಬೆಳೆದ ಉಳಿದ ಕಲ್ಪನೆಗಳಿಗೆ ಹೆಚ್ಚು ಮಾತು ಬೇಡ. ಇನ್‌ವ್ಯಾಲಿಡೇಟ್ ಎಂಬ ಆದೇಶ ಸೇರಿಸಿದರೆ ಪಠ್ಯ ತಕ್ಷಣ ಕಾಣುತ್ತದೆ ಎಂಬುದು ಸುಳ್ಳು, ಏಕೆಂದರೆ ಅದೂ ಗುರುತು ಹಾಕುತ್ತದೆಯೇ ಹೊರತು ಚಿತ್ರಿಸುವುದಿಲ್ಲ. ಬೇರೆ ಥ್ರೆಡ್ಡಿನಿಂದ ಪಠ್ಯ ಬದಲಿಸುವುದು ಕೆಲವು ಸಂದರ್ಭಗಳಲ್ಲಿ ದೋಷವಿಲ್ಲದೆ ದಾಟಿಹೋದ ಮಾತ್ರಕ್ಕೆ ಅದಕ್ಕೆ ಅನುಮತಿಯಿದೆ ಎಂದಾಗುವುದಿಲ್ಲ. ಆ್ಯಪ್ ಕಟ್ಟುವ ಇನ್ನೊಂದು ಸಾಧನವಾದ ಫ್ಲಟರ್‌ನಲ್ಲಿ ವೇರಿಯಬಲ್‌ನ ಬೆಲೆ ಬದಲಿಸಿದರೆ ಪರದೆ ತಾನಾಗಿ ಬದಲಾಗುವುದಿಲ್ಲ. ಸೆಟ್‌ಸ್ಟೇಟ್ ಅಥವಾ ಅಂಥದ್ದೇ ವ್ಯವಸ್ಥೆಯ ಮೂಲಕ ಬದಲಾವಣೆಯನ್ನು ತಿಳಿಸಲೇಬೇಕು.

ಇಷ್ಟು ಸುಲಭವಾಗಿ ಬಯಲಾಗುವ ನಂಬಿಕೆ ಇಷ್ಟು ಕಾಲ ಬಾಳಲು ಕಾರಣ ಮೊದಲ ಪಾಠದ ಉದಾಹರಣೆಯೇ. ಬಟನ್ ಒತ್ತಿದಾಗ ಒಂದು ಅಂಕಿ ಹೆಚ್ಚುವ ಆ ಚಿಕ್ಕ ಕೋಡ್ ಒಂದು ಫ್ರೇಮಿನ ಅವಧಿಗಿಂತಲೂ ಬೇಗ ಮುಗಿಯುವುದರಿಂದ, ದಾಖಲೆಗೂ ಚಿತ್ರಣಕ್ಕೂ ನಡುವಿನ ಅಂತರ ಕಣ್ಣಿಗೆ ಬೀಳುವುದೇ ಇಲ್ಲ. ಫಲಿತಾಂಶ ಸರಿಬಂದರೆ ಕಾರಣವೂ ಸರಿಯೆಂದು ಒಪ್ಪಿಕೊಳ್ಳುವ ಈ ಚಾಳಿ ಆ್ಯಪ್ ಬರವಣಿಗೆಗಷ್ಟೇ ಸೀಮಿತವಲ್ಲ: ಔಷಧಿ ತೆಗೆದುಕೊಂಡ ಮೇಲೆ ತಾನಾಗಿ ವಾಸಿಯಾದ ನೆಗಡಿಯ ಕೀರ್ತಿ ಔಷಧಿಗೆ ಸಲ್ಲುವುದೂ ಹೀಗೆಯೇ. ಆದರೆ ನೆಗಡಿಯ ವಿಷಯದಲ್ಲಿ ಪರೀಕ್ಷೆ ಕಷ್ಟ. ಇಲ್ಲಿ ನಾಲ್ಕಾರು ಸಾಲಿನ ಕೋಡ್ ಸಾಕು. ಪರೀಕ್ಷಿಸುವುದು ಇಷ್ಟು ಅಗ್ಗವಾಗಿರುವ ಕ್ಷೇತ್ರದಲ್ಲೂ ಯಾರೋ ಹೇಳಿದ್ದನ್ನು ನಕಲಿಸಿ ನಂಬುವವರಿಗೆ ಅರಿವಿನ ಕೊರತೆಯೆಂಬ ನೆಪ ಸಲ್ಲದು.