ತೋಳಜೇಡ: ಅಡವಿಯ ಅಂಚಿನಿಂದ ಗದ್ದೆಗಿಳಿಯುವ ಕಾವಲುಗಾರ

ಹಾನಗಲ್ಲ ಮತ್ತು ಶಿಗ್ಗಾಂವಿ ತಾಲೂಕುಗಳ ಪಡುವಣ ಸೀಮೆಯು ಅರೆಮಲೆನಾಡು. ಅಲ್ಲಿ ಅಡವಿಯ ತರಗೆಲೆಗಳು ಮುಗಿದಲ್ಲಿಯೇ ಭತ್ತದ ಗದ್ದೆಯ ಬದುವು ಆರಂಭವಾಗುತ್ತದೆ. ಸವಣೂರು, ಹಿರೇಕೆರೂರುಗಳ ಕಡೆಗೆ ಅಡವಿಯು ವಿರಳವಾಗಿ, ಹುಲ್ಲು ಬೆಳೆದ ಬದುಗಳೂ ಕೆರೆಯ ದಂಡೆಗಳೂ ಸಣ್ಣ ಪ್ರಾಣಿಗಳಿಗೆ ಆಸರೆಯಾಗಿವೆ. ಈ ಆಸರೆಯಲ್ಲಿದ್ದು ಒಕ್ಕಲಿಗನ ಪೈರನ್ನು ಕಾಯುವ ಒಂದು ಪ್ರಾಣಿಯುಂಟು. ಅದೇ ತೋಳಜೇಡ.

ಜೇಡರಹುಳುವೆಂದರೆ ಬಲೆ ನೇಯ್ದು ಕಾದು ಕುಳಿತುಕೊಳ್ಳುವುದೆಂದು ಜನರ ತಿಳುವಳಿಕೆ. ತೋಳಜೇಡಗಳಲ್ಲಿ ಬಹುತೇಕವು ಬಲೆಯನ್ನು ನೇಯುವುದಿಲ್ಲ; ನೆಲದ ಮೇಲೆ ಓಡಾಡಿ, ತೋಳದಂತೆ ಬೇಟೆಯ ಮೇಲೆ ಎರಗುತ್ತವೆ. ಇದರಿಂದಲೇ ಈ ಹೆಸರು ಬಂದಿತು. ಹಿಪ್ಪಾಸಾ ಎಂಬ ಕುಲದವು ಇದಕ್ಕೆ ಹೊರತು. ಬದುವಿನ ಹುಲ್ಲಿನಲ್ಲಿ ಬೆಳಗಿನ ಇಬ್ಬನಿ ಬಿದ್ದಾಗ ಹಾಸಿದ ಬಿಳಿಯ ಬಟ್ಟೆಯಂತೆ, ಒಂದು ಕಡೆ ಲಾಳಿಕೆಯಂತೆ ಕಾಣುವ ಬಲೆಯು ಇವುಗಳದು.

ತೋಳಜೇಡವನ್ನು ಗುರುತಿಸುವುದು ಕಠಿಣವಲ್ಲ. ಅದಕ್ಕೆ ಎಂಟು ಕಣ್ಣುಗಳು: ಕೆಳಸಾಲಿನಲ್ಲಿ ನಾಲ್ಕು ಚಿಕ್ಕವು, ಅವುಗಳ ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು. ರಾತ್ರಿಯಲ್ಲಿ ಬ್ಯಾಟರಿ ದೀಪವನ್ನು ಹಣೆಯ ಮಟ್ಟದಲ್ಲಿ ಹಿಡಿದು ಬದುವಿನ ಗುಂಟ ನೋಡಿದರೆ ಈ ಕಣ್ಣುಗಳು ಹನಿಯಂತೆ ಮಿನುಗುತ್ತವೆ. ಹೆಣ್ಣು ತನ್ನ ತತ್ತಿಗಳನ್ನು ದುಂಡನೆಯ ಚೀಲದಲ್ಲಿ ಸುತ್ತಿ, ಹೊಟ್ಟೆಯ ಹಿಂಭಾಗಕ್ಕೆ ಅಂಟಿಸಿಕೊಂಡು ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಅವುಗಳನ್ನು ಬೆನ್ನ ಮೇಲೆ ಹೊರುತ್ತದೆ. ಮನುಷ್ಯನಿಗೆ ಇದರಿಂದ ಪ್ರಾಣಭಯವಿಲ್ಲ.

ಜಗತ್ತಿನಲ್ಲಿ ಈ ವಂಶದ ೨೪೦೦ಕ್ಕೂ ಮಿಕ್ಕಿದ ಜಾತಿಗಳು ಹೆಸರು ಪಡೆದಿವೆ. ಭಾರತದ ತೋಳಜೇಡಗಳ ವಿಷಯವಾಗಿ ಪೋಕಾಕ್ ಎಂಬವರು ೧೯೦೦ರಲ್ಲಿಯೂ, ಗ್ರೇವಲಿಯವರು ೧೯೨೪ರಲ್ಲಿಯೂ, ಟಿಕಾದರ್ ಮತ್ತು ಮಲ್ಹೋತ್ರಾ ಅವರು ೧೯೮೦ರಲ್ಲಿಯೂ ಬರೆದರು. ಆದರೂ ಕಾರ್ಯವು ಮುಗಿದಿಲ್ಲ. ೨೦೧೭ರಲ್ಲಿ ಶಂಕರನ್, ಮಲಮೇಲ್ ಮತ್ತು ಸೆಬಾಸ್ಟಿಯನ್ ಎಂಬ ಸಂಶೋಧಕರು ಓವಿಯಾ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು. ಅದರಲ್ಲಿ ಸೇರಿಸಿದ ಜಾತಿಯಾದರೋ ೧೯೮೮ರಲ್ಲಿಯೇ ಚೀನ ದೇಶದಿಂದ ಬೇರೊಂದು ಕುಲದ ಹೆಸರಿನಲ್ಲಿ ವರ್ಣಿತವಾಗಿದ್ದಿತು. ಬಣ್ಣವನ್ನು ನೋಡಿ ಜಾತಿಯನ್ನು ನಿರ್ಣಯಿಸಲಾಗದು. ಬೆಳೆದ ಗಂಡು ಹೆಣ್ಣುಗಳ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಬೇಕಾಗುತ್ತದೆ. ಆದುದರಿಂದ ನಮ್ಮ ಅಡವಿಯ ತರಗೆಲೆಗಳಲ್ಲಿ ಹೆಸರಿಲ್ಲದ ಜಾತಿಗಳು ಇನ್ನೂ ಇದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಒಕ್ಕಲಿಗನಿಗೆ ಮುಖ್ಯವಾದುದು ಇವುಗಳ ಬಂಧುವಾದ ಗದ್ದೆಯ ತೋಳಜೇಡ. ಶಾಸ್ತ್ರಜ್ಞರು ಇದನ್ನು ಪಾರ್ಡೋಸಾ ಸೂಡೋಆನ್ಯುಲೇಟಾ ಎನ್ನುತ್ತಾರೆ. ೧೯೦೬ರಲ್ಲಿ ಜಪಾನದಿಂದ ಮೊದಲು ವರ್ಣಿತವಾಯಿತು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹೇಳುವಂತೆ ಒಂದು ಜೇಡವು ದಿನಕ್ಕೆ ೫ರಿಂದ ೧೫ ಹುಳುಗಳನ್ನು ತಿನ್ನುತ್ತದೆ. ಮೂರು ನಾಲ್ಕು ತಿಂಗಳ ಬಾಳಿನಲ್ಲಿ ಹೆಣ್ಣು ೨೦೦ರಿಂದ ೪೦೦ ತತ್ತಿಗಳನ್ನಿಡುತ್ತದೆ. ಗದ್ದೆ ಸಿದ್ಧವಾದೊಡನೆ ಇದು ಬದುವಿನಿಂದ ಒಳಗೆ ಬರುತ್ತದೆ. ಪೈರಿನ ಬುಡದಲ್ಲಿ ರಸ ಹೀರುವ ಕಂದು ಜಿಗಿಹುಳು, ಹಸಿರು ಜಿಗಿಹುಳು, ಕಾಂಡಕೊರೆಯುವ ಹುಳುವಿನ ಪತಂಗ, ಇವು ಅದರ ಆಹಾರ.

ಇನ್ನು ಅನರ್ಥವು ಹೇಗೆ ಸಂಭವಿಸುವುದೆಂಬುದನ್ನು ನೋಡೋಣ. ನಾಲ್ಕಾರು ಜಿಗಿಹುಳು ಕಂಡೊಡನೆ ಔಷಧ ಸಿಂಪಡಿಸಿದರೆ ನೆಲದಲ್ಲಿ ಓಡಾಡುವ ಜೇಡವು ಮೊದಲು ಸಾಯುತ್ತದೆ. ಜಿಗಿಹುಳುವಿನ ತತ್ತಿಗಳಾದರೋ ಎಲೆಯ ಒರೆಯೊಳಗೆ ಅಡಗಿ ಉಳಿಯುತ್ತವೆ. ಅವು ಒಡೆದು ಮರಿಗಳಾದಾಗ ಗದ್ದೆಯಲ್ಲಿ ಶತ್ರುವೇ ಇರುವುದಿಲ್ಲ. ಪೈರು ವೃತ್ತಾಕಾರವಾಗಿ ಸುಟ್ಟಂತೆ ಒಣಗುತ್ತದೆ. ಇಂಡೋನೇಷ್ಯದಲ್ಲಿ ಈ ಹಾನಿಯು ಅತಿಯಾಗಲು ಅಲ್ಲಿನ ಸರಕಾರವು ೧೯೮೬ರಲ್ಲಿ ೫೭ ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು. ದುಡ್ಡು ಕೊಟ್ಟು ಹಾನಿಯನ್ನು ಕೊಂಡುತಂದ ಒಕ್ಕಲಿಗನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಆದುದರಿಂದ ಊರ ಹಿರಿಯರೂ ಜಮೀನುದಾರರೂ ಈ ಕೆಳಗಿನ ಮಾತುಗಳನ್ನು ಗಮನದಲ್ಲಿಡುವುದು ಯೋಗ್ಯ.

೧. ಬದುಗಳ ಹುಲ್ಲಿಗೆ ಬೆಂಕಿ ಹಚ್ಚಬಾರದು. ಕೊಯ್ಯಬೇಕಾದಲ್ಲಿ ಒಂದೇ ಸಲ ಎಲ್ಲವನ್ನೂ ಕೊಯ್ಯದೆ ಒಂದು ಬದಿಯನ್ನು ಉಳಿಸಬೇಕು.

೨. ನಾಟಿ ಅಥವಾ ಕೂರಿಗೆ ಬಿತ್ತನೆಯ ನಂತರದ ಮೊದಲ ತಿಂಗಳಲ್ಲಿ ಕಾರಣವಿಲ್ಲದೆ ಔಷಧ ಹೊಡೆಯಬಾರದು.

೩. ವಾರಕ್ಕೊಮ್ಮೆ ಹತ್ತಿಪ್ಪತ್ತು ಬುಡಗಳನ್ನು ಬಗ್ಗಿಸಿ ಜಿಗಿಹುಳುಗಳನ್ನೂ ಜೇಡಗಳನ್ನೂ ಎಣಿಸಬೇಕು. ಬುಡಕ್ಕೆ ಸುಮಾರು ೧೦ ಜಿಗಿಹುಳುಗಳು ಕಾಣುವವರೆಗೆ ಆತುರ ಬೇಡ.

೪. ಹುಳು ಹೆಚ್ಚಿದಲ್ಲಿ ಮೊದಲು ಎರಡು ಮೂರು ದಿನ ನೀರನ್ನು ಬಸಿಯಬೇಕು; ಯೂರಿಯಾವನ್ನು ಮಿತವಾಗಿ ಹಾಕಬೇಕು. ಔಷಧವು ಅನಿವಾರ್ಯವಾದರೆ ಇಲಾಖೆಯವರನ್ನು ಕೇಳಿಯೇ ಬಳಸಬೇಕು. ಸಿಂಥೆಟಿಕ್ ಪೈರಿಥ್ರಾಯ್ಡ್ ಔಷಧಗಳು ಜಿಗಿಹುಳುವನ್ನು ಹೆಚ್ಚಿಸುವವಾದ್ದರಿಂದ ಅವುಗಳನ್ನು ವರ್ಜಿಸಬೇಕು.

ಒಬ್ಬನ ಗದ್ದೆಯ ಜೇಡವು ನೆರೆಯವನ ಗದ್ದೆಗೂ ಹೋಗುವುದು. ಒಬ್ಬನು ಹಚ್ಚಿದ ಬೆಂಕಿಯು ಇಬ್ಬರಿಗೂ ನಷ್ಟ. ಆದುದರಿಂದ ಇದು ಒಬ್ಬೊಬ್ಬರ ಕೆಲಸವಲ್ಲ, ಊರಿನ ಕೆಲಸ. ಕೂಲಿ ಕೇಳದ ಈ ಕಾವಲುಗಾರನಿಗೆ ಇರಲು ಒಂದಿಷ್ಟು ಹುಲ್ಲನ್ನು ಬಿಟ್ಟರೆ ಸಾಕು.