ಹೋದ ಬೇಸಿಗೆಯ ನೀರು

ಯಾದಗಿರಿ, ಶಹಾಪುರ, ಸುರಪುರ ಇನ್ನೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಕಾಲ. ಆ ಸೀಮೆಗೆ ಒಂದು ರೋಗ ಪಂಚಾಂಗ ನೋಡಿಕೊಂಡು ಬಂದಂತೆ ಬರುತ್ತಿತ್ತು. ಬಿಸಿಲು ನೆತ್ತಿ ಸುಡುವಾಗ ಶುರುವಾಗಿ, ಮಿರಗದ ಮಳೆಗೆ ಕೂರಿಗೆ ಹೂಡುವ ಹೊತ್ತಿಗೆ ಜೋರಾಗುತ್ತಿತ್ತು. ಪಾದದ ಮೇಲೋ ಮೀನಖಂಡದಲ್ಲೋ ಒಂದು ಬೊಬ್ಬೆ ಎದ್ದು, ಕೆಂಡ ಇಟ್ಟಂತೆ ಉರಿದು ಒಡೆಯುವುದು. ಒಳಗಿಂದ ಬಿಳಿ ದಾರದಂಥ ಹುಳು ತುದಿ ತೋರಿಸುವುದು. ಅದೇ ನಾರುಹುಣ್ಣು. ಹುಳುವಿನ ಉದ್ದ ಎರಡು-ಮೂರು ಅಡಿ. ಜಗ್ಗಿದರೆ ಹರಿದು ಒಳಗೇ ಕೀವು ಕಟ್ಟುತ್ತದೆಂದು ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಗಲದಷ್ಟೇ ಹೊರತೆಗೆಯುತ್ತಿದ್ದರು. ವಾರಗಟ್ಟಲೆ ನೆಲ ಹಿಡಿದು ಮಲಗಬೇಕು. ತೊಗರಿ, ಸಜ್ಜೆ ಬಿತ್ತುವ ಹದ ಅಲ್ಲಿಯತನಕ ಕಾಯುವುದಿಲ್ಲ. ಕಾಲಿನ ಹುಣ್ಣು ಆ ವರ್ಷದ ಅನ್ನವನ್ನೇ ಕಸಿಯುತ್ತಿತ್ತು.

ಇಷ್ಟು ದೊಡ್ಡ ಹುಳು ಎಲ್ಲಿಂದ ಬರುತ್ತದೆಂದು ಶತಮಾನಗಳವರೆಗೆ ತಿಳಿಯದೆ ಉಳಿದದ್ದು ಹೇಗೆ? ಅದನ್ನು ಮರೆಮಾಡಿದ್ದು ಕಾಲ. ನೀರು ಕುಡಿದದ್ದು ಒಂದು ಬೇಸಿಗೆಯಲ್ಲಿ, ಹುಳು ಹೊರಬಿದ್ದದ್ದು ಮುಂದಿನ ಬೇಸಿಗೆಯಲ್ಲಿ. ನಡುವೆ ಒಂದು ಮಳೆಗಾಲ, ಒಂದು ಸುಗ್ಗಿ, ಊರ ಜಾತ್ರೆ ಎಲ್ಲ ಆಗಿಹೋಗಿರುತ್ತದೆ. ಇವತ್ತಿನ ಹುಣ್ಣಿಗೆ ಹೋದ ವರ್ಷದ ಒಂದು ಬೊಗಸೆ ನೀರು ಕಾರಣವೆಂದು ಯಾರಿಗೆ ಹೊಳೆದೀತು?

ಹೊಳೆದದ್ದು ಅಲೆಕ್ಸಿ ಫೆದ್ಚೆಂಕೊ ಎಂಬ ರಷ್ಯದ ತರುಣನಿಗೆ, ಸಮರ್‌ಖಂಡದ ಕಡೆಯಲ್ಲಿ, 1870ರ ಸುಮಾರಿಗೆ. ಮೀನಿನ ಹೊಟ್ಟೆಯ ಒಂದು ಜಾತಿಯ ಹುಳು ತನ್ನ ಬಾಲ್ಯವನ್ನು ಸೈಕ್ಲಾಪ್ಸ್ ಎಂಬ ನೀರುಚಿಗಟದೊಳಗೆ ಕಳೆಯುತ್ತದೆಂದು ಜರ್ಮನಿಯ ವಿಜ್ಞಾನಿ ಲ್ಯೂಕಾರ್ಟ್ ಕಂಡುಕೊಂಡಿದ್ದರು. ಆ ಸುಳಿವು ಹಿಡಿದು ಫೆದ್ಚೆಂಕೊ ನಾರುಹುಳುವಿನ ಮರಿಗಳನ್ನು ಸೈಕ್ಲಾಪ್ಸ್ ಇದ್ದ ನೀರಿಗೆ ಬಿಟ್ಟ. ಸೂಕ್ಷ್ಮದರ್ಶಕದಡಿ ನೋಡಿದರೆ ಮರಿಗಳು ಆ ಪುಟ್ಟ ಜೀವಿಯ ಮೈಯೊಳಗೆ ಬೆಳೆಯುತ್ತಿದ್ದವು! ನೀರಿನೊಡನೆ ಇವನ್ನು ನುಂಗಿದವರಿಗೇ ರೋಗ ಎಂದ. ನಾಯಿ, ಬೆಕ್ಕುಗಳಿಗೆ ಕುಡಿಸಿ ನೋಡಿದ, ರುಜುವಾತಾಗಲಿಲ್ಲ. 1873ರಲ್ಲಿ, 29ರ ವಯಸ್ಸಿಗೆ, ಆಲ್ಪ್ಸ್‌ನ ಹಿಮದಲ್ಲಿ ತೀರಿಕೊಂಡ. ತನ್ನ ಮಾತು ನಿಜವಾದದ್ದನ್ನು ಆತ ನೋಡಲೇ ಇಲ್ಲ ಎಂಬುದು ನನ್ನನ್ನು ಈಗಲೂ ಕಲಕುತ್ತದೆ.

ಜಠರದಂಥ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಹುಳು ಮಾತ್ರ ಚುರುಕಾಗಿ ಹೊರಬರುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ರಾಬರ್ಟ್ ಲೈಪರ್ ತೋರಿಸಿದ್ದು 1905ರ ನಂತರ. ಮನುಷ್ಯರ ಮೇಲಿನ ಪ್ರಯೋಗದಲ್ಲಿ ಫೆದ್ಚೆಂಕೊನ ಮಾತು ರುಜುವಾತಾದದ್ದು ನಮ್ಮ ದೇಶದಲ್ಲೇ, 1913ರ ಹೊತ್ತಿಗೆ, ಸಂಶೋಧಕ ಡಿ.ಎ. ತುರ್ಖುಡ್ ಅವರಿಂದ.

ಈ ತಿಳಿವಳಿಕೆ ಇಟ್ಟುಕೊಂಡು ನಮ್ಮ ಮೆಟ್ಟಿಲು ಬಾವಿಯನ್ನು ನೋಡಬೇಕು. ಬೇಸಿಗೆಯಲ್ಲಿ ನೀರು ತಳ ಸೇರುತ್ತದೆ. ಇದ್ದಬಿದ್ದ ಸೈಕ್ಲಾಪ್ಸ್ ಎಲ್ಲ ಆ ಅಷ್ಟೇ ನೀರಿನಲ್ಲಿ ಒತ್ತೊತ್ತಾಗುತ್ತವೆ. ಮಳೆ ತಪ್ಪಿದ ವರ್ಷ ಇಳಿಯಬೇಕಾದ ಮೆಟ್ಟಿಲು ಇನ್ನೂ ಹೆಚ್ಚು. ಕಾಲಲ್ಲಿ ಹುಣ್ಣಿರುವ ಹೆಂಗಸು ಕೊಡ ಹಿಡಿದು ಇಳಿಯುತ್ತಾಳೆ, ಕಣಕಾಲು ಮುಳುಗುವಷ್ಟು ನೀರಲ್ಲಿ ನಿಲ್ಲುತ್ತಾಳೆ. ತಣ್ಣಗೆ ತಾಗಿದೊಡನೆ ಉರಿ ಇಳಿಯುತ್ತದೆ, ಒಂದು ಉಸಿರು ಬಿಡುತ್ತಾಳೆ. ಅದೇ ಗಳಿಗೆಗೆ ಹುಣ್ಣಿನಿಂದ ಹಾಲಿನಂಥ ದ್ರವ ಸಣ್ಣಗೆ ಹರಡುತ್ತದೆ. ಅದರ ತುಂಬ ಮರಿಗಳು. ಆಮೇಲೆ ಅದೇ ನೀರಿಗೆ ಕೊಡ ಬಗ್ಗಿಸುತ್ತಾಳೆ. ಬಿಸಿಲು ಯಾರ ಮೈಗೂ ಹುಳು ಬಿಡಲಿಲ್ಲ. ನೀರನ್ನು ತಳಕ್ಕಿಳಿಸಿತು, ಅದರ ಹಿಂದೆ ಜನರನ್ನೂ ಇಳಿಸಿತು.

ನಾರುಹುಣ್ಣಿಗೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ, ಇವತ್ತಿಗೂ. 1983ರಲ್ಲಿ ದೇಶ ಈ ರೋಗದ ನಿರ್ಮೂಲನೆಗೆ ಹೊರಟಾಗ ಕೈಯಲ್ಲಿದ್ದದ್ದು ಬಟ್ಟೆ: ಕೊಡದ ಬಾಯಿಗೆ ಮಡಿಸಿ ಕಟ್ಟಿ ನೀರು ಸೋಸುವುದು. ಜೊತೆಗೆ ಬೋರ್‌ವೆಲ್, ಬಾವಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ದ್ರಾವಣ, ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿ ಅದನ್ನು ಸೇದುವ ಬಾವಿ ಮಾಡುವುದು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆದರೂ ರೋಗ ಹೋಯಿತೆಂದು ಆಗಲೇ ಹೇಳುವಂತಿರಲಿಲ್ಲ. ಯಾರ ಮೈಯಲ್ಲಿ ಹೋದ ಬೇಸಿಗೆಯ ಹುಳು ಬೆಳೆಯುತ್ತಿದೆಯೋ ಯಾರು ಬಲ್ಲರು? ಮತ್ತೆ ಮೂರು ಬೇಸಿಗೆ ಹುಡುಕಾಟ ನಡೆಯಿತು. ಒಂದು ಹುಳುವೂ ಸಿಗಲಿಲ್ಲ. ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಬರೆದುಕೊಟ್ಟದ್ದು 2000ದ ಫೆಬ್ರವರಿಯಲ್ಲಿ.